ಪೂಜೆಗಿಟ್ಟ ಪಂಚು

ಚೆನ್ನಪ್ಪ ಮಾವನಿಗೆ ಹುಬ್ಬುಗಳೇ ಇರಲಿಲ್ಲ. ಯಾವ ಕಾಲದಲ್ಲೋ ಪೆಟ್ರೋಲ್ ಉರಿ ಮುಖಕ್ಕೆ ಬಡಿದು ಸುಟ್ಟುಹೋಗಿದ್ದವು, ಮತ್ತೆ ಬೆಳೆಯಲಿಲ್ಲ. ಅವನಿಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ಎದುರಿಗಿದ್ದವರಿಗೆ ತಿಳಿಯುತ್ತಿರಲಿಲ್ಲ. ನಮ್ಮವ್ವನ ತಮ್ಮ ಅವನು. ಹೊಸಹಳ್ಳಿಯಲ್ಲಿ ಗಾಡಿ ರಿಪೇರಿ ಮಾಡುವ ಅವನದೊಂದು ತಗಡಿನ ಶೆಡ್ಡು, ಸುತ್ತ ರಾಗಿ ಹೊಲ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ನಾನೂ ನನ್ನ ಗಂಡ ತಿಮ್ಮಯ್ಯನೂ ಇದ್ದೆವು. ತಿಮ್ಮಯ್ಯ, ಮಿಲಿಟರಿಯವರು ಹರಾಜು ಹಾಕಿದ ಹಳೇ ಮೋಟರ್ ಸೈಕಲ್ಲಿನ ಮೇಲೆ ಬೇಕರಿಯ ಬ್ರೆಡ್ಡನ್ನು ಕೆಂಗೇರಿವರೆಗೆ ಅಂಗಡಿಗಳಿಗೆ ಹಾಕುತ್ತಿದ್ದ.

ಮಾವನ ಹತ್ತಿರ ಬರುತ್ತಿದ್ದ ಗಾಡಿಗಳಲ್ಲಿ ಮುಕ್ಕಾಲು ಭಾಗ ಎಂಜಿನ್ ಕಾದು ಕೆಟ್ಟವೇ. ಪಿಸ್ಟನ್ ಅಂತ ಒಂದಿದೆ, ಲೋಟ ಬೋರಲು ಹಾಕಿದಂತೆ ಇರುತ್ತದೆ, ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡುತ್ತದೆ. ಅಲ್ಯೂಮಿನಿಯಮ್ಮಿನದು. ಅದರ ಮೇಲೆ ಅವನಿಗೆ ನಂಬಿಕೆಯೇ ಇರಲಿಲ್ಲ.

"ಕಬ್ಬಿಣ ಕಾದ್ರೆ ಕೆಂಪಾಗಿ ಹೇಳ್ತದೆ ಕಣವ್ವ. ಇದು ಕಳ್ಳ. ಬೆಳ್ಳಗೇ ಇರ್ತದೆ, ಒಳಗೆ ಸತ್ತಿರ್ತದೆ" ಅನ್ನುತ್ತಿದ್ದ.

ಪಿಸ್ಟನ್ನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುತ್ತಿದ್ದ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಹೊರಗೆ ಒಸರಿ, ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಏಳುತ್ತಿತ್ತು. ಪುಡಿ ಕುಟ್ಟಿ ಜರಡಿ ಹಿಡಿಯುವುದು ನನ್ನ ಕೆಲಸ. ತರಿ ಉಳಿದಿದ್ದರೆ, "ಇದೇನು ಇಟ್ಟು ತಿರುವೋಕೆ ತಂದಿದೀಯಾ?" ಎಂದು ಎಷ್ಟೋ ಸಲ ಚೆಲ್ಲಿದ್ದಾನೆ. ಬಿರುಕಿಲ್ಲದಿದ್ದರೂ ಬಿಡುತ್ತಿರಲಿಲ್ಲ. ಕಾದ ಲೋಹ ಮೆತ್ತಗಾಗಿರುತ್ತದಂತೆ. ಅದಕ್ಕೆ ಅವನಪ್ಪನ ಕಾಲದ ಒಂದು ಪಂಚು, ಬೆರಳುದ್ದದ ಮೊನಚು ಉಕ್ಕಿನ ಕಡ್ಡಿ, ಇತ್ತು. ಕಾದ ಕಡೆ ಒಂದು ಏಟು, ಕಾಯದ ಕಡೆ ಒಂದು ಏಟು. ಎರಡೂ ಗುಳಿಗಳನ್ನು ಉಗುರಲ್ಲಿ ಸವರಿ ನೋಡುತ್ತಿದ್ದ. ಕಾದ ಕಡೆಯದು ಆಳವಾಗಿದ್ದರೆ ಆ ಪಿಸ್ಟನ್ ಗುಜರಿಗೆ.

ಒಬ್ಬ ಟ್ಯಾಕ್ಸಿಯವನು "ಸುಮ್ನೆ ಹಾಕು ಮೇಸ್ತ್ರಿ, ನಡೀತದೆ" ಅಂದ. ಮಾವ ಆ ಪಿಸ್ಟನ್ನನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಅವನ ಕೈಗೆ ಕೊಟ್ಟ. "ಈಗ ಹಾಕ್ಕೊ, ಹೋಗು."

ಅಂಥವನು.

ಆ ವರ್ಷ ಆಯುಧಪೂಜೆ ದಿನ ತಿಮ್ಮಯ್ಯ ಗಾಡಿಯನ್ನು ತಳ್ಳಿಕೊಂಡು ಬಂದ. ಆಯಿಲ್ ಇಲ್ಲದೆ ಓಡಿಸಿ ಎಂಜಿನ್ ಕಾದು ನಿಂತಿತ್ತು. ಅಷ್ಟರಲ್ಲಿ ಮಾವನ ಸಾಮಾನೆಲ್ಲ ಪೂಜೆಗೆ ಕೂತಾಗಿತ್ತು. ಪಂಚಿಗೂ ಕುಂಕುಮ ಇಟ್ಟು ಹೂ ಏರಿಸಿದ್ದ. ಮಾರನೆಯ ದಿನ ಪೂಜೆ ಇಳಿಸುವವರೆಗೆ ಒಂದನ್ನೂ ಮುಟ್ಟುವಂತಿಲ್ಲ. ಆದರೆ ಮಾರನೆಯ ಬೆಳಗ್ಗೆ ಬ್ರೆಡ್ಡು ಹೋಗದಿದ್ದರೆ ಬೇಕರಿಯವರು ಬೇರೆಯವನನ್ನು ಇಟ್ಟುಕೊಳ್ಳುತ್ತಿದ್ದರು. ಗಾಡಿಯ ಜೊತೆಗೇ ಬಂದಿದ್ದ ಸ್ಪ್ಯಾನರುಗಳಲ್ಲಿ ಮಾವ ಎಂಜಿನ್ ಬಿಚ್ಚಿದ. ಪಿಸ್ಟನ್ ನೆನೆಸಿ ಪುಡಿ ಹಾಕಿದ. ಗೆರೆ ಏಳಲಿಲ್ಲ. ಆದರೂ ತಿರುಗಿಸಿ ತಿರುಗಿಸಿ ನೋಡುತ್ತಲೇ ಕೂತ.

"ಹೆಣ್ಣು ನೋಡೋಕೆ ಹೋದಂಗೆ ನೋಡ್ತೀಯಲ್ಲ ಮಾವ. ಒಪ್ಪಿಗೆ ಆಯ್ತೋ ಇಲ್ವೋ?" ಅಂದ ತಿಮ್ಮಯ್ಯ.

"ಪಂಚು ಹಾಕ್ದೆ ಹೆಂಗ್ ಹೇಳ್ಲಿ?"

"ತಗೊಂಡು ಹಾಕು."

"ಪೂಜೆಗೆ ಇಟ್ಟಿದ್ದನ್ನ ಕದಲಿಸಬಾರ್ದು ಕಣ್ಲಾ."

ನಾನು, "ಮೊಳೆ ತಗೊಂಡು ನೋಡು" ಅಂದೆ.

"ಮೊಳೆ ಗುಳಿ ನನ್ನ ಕೈಗೆ ತಿಳಿಯಾಕಿಲ್ಲ ಕಣವ್ವ."

ಪಿಸ್ಟನ್ನಿನ ಮೇಲಿನ ಪುಡಿ ಒರೆಸಿದ. ಆಮೇಲೆ, "ಬಿರುಕಂತೂ ಇಲ್ಲ. ನಾಳೆ ಒಂದಿನ ನಿಧಾನಕ್ಕೆ ಓಡ್ಸು. ಬಂದ್ಮೇಲೆ ಬಿಚ್ಚಿ ನೋಡ್ತೀನಿ" ಎಂದು ಜೋಡಿಸಿಕೊಟ್ಟ.

ತಿಮ್ಮಯ್ಯ ನಿಧಾನಕ್ಕೆ ಓಡಿಸುವವನಲ್ಲ. ಅದು ಮಾವನಿಗೂ ಗೊತ್ತಿತ್ತು. ಕೆಂಗೇರಿ ಕಡೆಯ ಇಳಿಜಾರಿನಲ್ಲಿ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಟ್ಟಿತು. ತಿಮ್ಮಯ್ಯನ ತಲೆ ಮೈಲಿಗಲ್ಲಿಗೆ ಬಡಿಯಿತು. ಆಸ್ಪತ್ರೆಗೆ ಒಯ್ಯುವ ಕೆಲಸವಿರಲಿಲ್ಲ. ಮನೆಗೆ ತಂದರು.

ತಿಥಿ ಮುಗಿದ ಮೇಲೆ ಮಾವ ಎಂಜಿನ್ ಬಿಚ್ಚಿದ. ಪಿಸ್ಟನ್ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಬೆಲ್ಲಕ್ಕೆ ಮೊಳೆ ಹೊಕ್ಕಂಗೆ ಹೊಕ್ತು ಕಣವ್ವ ಪಂಚು."

"ಈಗ ನೋಡಿ ಏನ್ ಮಾಡ್ತೀಯ?" ಅಂದೆ.

ಹೊರಟುಹೋದ. ಮುಂದಿನ ವರ್ಷದ ಆಯುಧಪೂಜೆಗೆ ಎಲ್ಲವನ್ನೂ ಇಟ್ಟ, ಪಂಚನ್ನು ಮಾತ್ರ ಇಡಲಿಲ್ಲ. "ಹೆಂಡ್ತಿ ಬಿಟ್ಟು ಹಬ್ಬ ಮಾಡ್ದಂಗಾಯ್ತು ಮೇಸ್ತ್ರಿ" ಎಂದು ಊರವರು ಆಡಿಕೊಂಡರು. ದೇವರ ಭಯ ಇಲ್ಲದವನು ಎಂದು ಕೆಲವರು ಗಾಡಿ ತರುವುದನ್ನೇ ಬಿಟ್ಟರು. 

ನಾನು ಅವನ ಶೆಡ್ಡಿನಲ್ಲೇ ಕೆಲಸ ಮಾಡಿಕೊಂಡು ಉಳಿದೆ. ಬೇರೆ ಎಲ್ಲಿಗೆ ಹೋಗಲಿ? ಅವನ ಅನ್ನ ತಿಂದೆ, ಅವನ ಬಟ್ಟೆ ಒಗೆದೆ. ಆ ದಿನದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೀಗೇ ವರ್ಷಗಳು ಹೋದವು. ಕೊನೆಗೆ ಮಾವ ಎದೆ ಕೆಟ್ಟು, ಶೆಡ್ಡು ಮುಚ್ಚಿ, ಬಾಪೂಜಿ ನಗರಕ್ಕೆ ಮದುವೆ ಮಾಡಿಕೊಟ್ಟಿದ್ದ ಮಗಳ ಮನೆಯಲ್ಲಿ ಮಲಗಿದ. ನೋಡಲು ಹೋದೆ. ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡ.

"ಒಂದ್ಸಲ ಬೈದ್ಬಿಡವ್ವ ನನ್ನ. ಇಷ್ಟು ವರ್ಷ ಆಯ್ತು, ಒಂದು ಮಾತು ಅಂದಿಲ್ಲ ನೀನು."

"ಬೈದ್ರೆ ನಿಂಗೆ ಹಗುರಾಗ್ತದೆ. ನಂಗೇನಾಗ್ತದೆ? ಕುಡಿ, ಆರೋಗ್ತದೆ" ಅಂದೆ.

ಕುಡಿದ. ಬಾಯಿ ಒರೆಸಿ, ಬಸ್ಸು ಹತ್ತಿ ಬಂದೆ. ಮುಂದಿನ ವಾರ ಹೋದನೆಂದು ಸುದ್ದಿ ಬಂತು. ಹೋಗಿ ಬಾಯಿಗೆ ಅಕ್ಕಿಕಾಳು ಹಾಕಿದೆ. ಸುತ್ತ ಹೆಂಗಸರೆಲ್ಲ ಹೆಸರು ಹಿಡಿದು ಅಳುತ್ತಿದ್ದರು. ನಾನು ಆಗಲೂ ಏನೂ ಅನ್ನಲಿಲ್ಲ.