ಅರ್ಧ ಬೀಸಿದ ಜೋಳ

ಹಳಿಯಾಳದಲ್ಲಿ ಕರೆಂಟು ಹೋದರೆ ನಾನು ಹೆದರುವುದು ಕತ್ತಲೆಗಲ್ಲ, ನಮ್ಮ ಓಣಿಯ ಹಿಟ್ಟಿನ ಗಿರಣಿಯವರ ಬಾಯಿಗೆ. ಗಿರಣಿ ತಿರುಗುವಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ಅವರೂ ಸುಮ್ಮನಿರುತ್ತಾರೆ. ಕರೆಂಟು ಹೋಯಿತೋ, ಟವೆಲಿನಿಂದ ಮುಖದ ಹಿಟ್ಟು ಒರೆಸಿಕೊಂಡು ಶುರು ಮಾಡುತ್ತಾರೆ. ನನ್ನ ಜೋಳ ಅರ್ಧ ಹಿಟ್ಟಾಗಿ ಡಬ್ಬಿಯಲ್ಲಿ, ಇನ್ನರ್ಧ ಕಾಳಾಗಿ ಗಿರಣಿಯ ಬಾಯಲ್ಲಿ ಕೂತಿರುತ್ತದೆ. ಬಿಟ್ಟು ಹೋದರೆ ಪಾಳಿಯಲ್ಲಿ ನನ್ನ ಹಿಂದಿರುವವರ ಗೋಧಿ ಮೇಲೆ ಬಿದ್ದು, ಹಿಟ್ಟು ರೊಟ್ಟಿಗೂ ಇಲ್ಲ ಚಪಾತಿಗೂ ಇಲ್ಲ. ಸಭೆಯಲ್ಲಾದರೆ ಫೋನು ಬಂದಂತೆ ನಟಿಸಿ ಎದ್ದು ಹೋಗಬಹುದು. ಇಲ್ಲಿ ಜೋಳ ಬಿಡುವುದಿಲ್ಲ.

ಅವರದು ಒಂದೇ ಕಥೆ. ಮುಂಡಗೋಡದಿಂದ ತಂದ ಎಮ್ಮೆ ಹಗ್ಗ ಹರಿದುಕೊಂಡು ಮತ್ತೆ ಮುಂಡಗೋಡದ ದಾರಿ ಹಿಡಿದ ಕಥೆ. ಎಮ್ಮೆ ಊರು ದಾಟುವಷ್ಟರಲ್ಲಿ ಕರೆಂಟು ಬರುತ್ತದೆ. ಮುಂದಿನ ಸಲ ಎಮ್ಮೆ ಮತ್ತೆ ಮೊದಲಿನಿಂದ ಹಗ್ಗ ಹರಿಯುತ್ತದೆ. ನನಗಂತೂ ತಲೆ ಚಿಟ್ಟು ಹಿಡಿದುಹೋಗಿತ್ತು.

ಮನೆಯಲ್ಲಿ ಅವ್ವನದೂ ಇಂಥದೇ ಒಂದು ಕಥೆ. ವ್ಯತ್ಯಾಸವೆಂದರೆ ಮನೆಗೆ ಹಿತ್ತಲ ಬಾಗಿಲಿದೆ. ಅಪ್ಪ ಕುಂಬಾರವಾಡದಲ್ಲಿ ಮಾಸ್ತರರಾಗಿದ್ದಾಗ, ಅವರು ಊರಲ್ಲಿಲ್ಲದ ದಿನ, ಕೂಸಾಗಿದ್ದ ನನಗೆ ವಿಪರೀತ ಜ್ವರ ಬಂತಂತೆ. ಇದ್ದೊಂದು ಬಸ್ಸೂ ತಪ್ಪಿತಂತೆ. ಕಥೆಯಲ್ಲಿ ಅವ್ವ ಬಸ್ಸು ತಪ್ಪಿಸಿಕೊಳ್ಳುವ ಹೊತ್ತಿಗೆ ನಾನು ಹಿತ್ತಲ ನಲ್ಲಿಯ ಹತ್ತಿರ ಇರುತ್ತೇನೆ. ಗೊತ್ತೈತಿ ಬಿಡವ್ವಾ ಅನ್ನುತ್ತೇನೆ. ನಾನು ಬದುಕಿದ್ದೇನೆ, ಕಣ್ಣೆದುರೇ ಓಡಾಡುತ್ತಿದ್ದೇನೆ, ಇನ್ನೇನು ಕೇಳುವುದು?

ಈಚೆಗೆ ನಮ್ಮಿಬ್ಬರ ಜಗಳ ರೊಟ್ಟಿಯದು. ಬಡಿಯುವಾಗಲೇ ಅಂಚು ಸೀಳುತ್ತಿತ್ತು. ಹಿಟ್ಟು ತರಿತರಿ ಎಂದು ನಾನು, ನಿನ್ನ ಕೈಯೇ ಸರಿಯಿಲ್ಲ ಎಂದು ಅವ್ವ. ಗಿರಣಿಯವರಿಗೆ ತಾನೇ ಹೇಳುತ್ತೇನೆಂದು ಕಳೆದ ವಾರ ನನ್ನ ಸ್ಕೂಟರಿನ ಹಿಂದೆ ಹತ್ತಿದಳು. ಒಳ್ಳೆಯದೇ ಆಯಿತು, ಯಾರ ತಪ್ಪೆಂದು ಇತ್ಯರ್ಥವಾಗಲಿ ಎಂದುಕೊಂಡೆ.

ಜೋಳ ಅರ್ಧ ಇಳಿದಿತ್ತು. ಕರೆಂಟು ಹೋಯಿತು. ಎಮ್ಮೆ ಹಗ್ಗ ಹರಿಯಿತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಅವ್ವ ಅಲ್ಲಿದ್ದ ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಮುಂದಕ್ಕೆ ಬಾಗಿದಳು.

"ಮುಂದ ಏನಾತ್ ತಮ್ಮಾ?"

ಗಿರಣಿಯವರು ತಬ್ಬಿಬ್ಬಾದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಯೋಚಿಸಿ, ಎಮ್ಮೆಯನ್ನು ಹಳೆಯ ಮಾಲಕರಿಗೇ ಬಿಟ್ಟುಕೊಟ್ಟೆ, ಆ ಕಡೆ ಹೋದಾಗೆಲ್ಲ ಮೈ ಸವರಿ ಬರುತ್ತೇನೆ ಎಂದು ಮೆಲ್ಲಗೆ ಹೇಳಿದರು. ಆಮೇಲೆ ಅವರೇ ಕೇಳಿದರು, "ನಿಮ್ಮೂರು ಯಾವುದ್ರಿ ಅವ್ವಾರ?"

ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವ್ವನಿಗೆ ಅಷ್ಟೇ ಸಾಕಿತ್ತು. ಕುಂಬಾರವಾಡ, ಜ್ವರ, ಬಸ್ಸು. ನಾನು ಬಾಗಿಲು ನೋಡಿದೆ, ಜೋಳ ನೋಡಿದೆ.

ಆಗ ಬಲ್ಬು ಹತ್ತಿತು. ನನಗೆ ಹೋದ ಜೀವ ಬಂತು. ಆದರೆ ಗಿರಣಿಯವರ ಕೈ ಸ್ವಿಚ್ಚಿನ ಕಡೆ ಹೋಗಲೇ ಇಲ್ಲ. ಕರೆಂಟು ಬಂತ್ರಿ ಎಂದೆ. ತಡೀರಿ ಅಕ್ಕಾರ ಎಂದು ಕಿವಿಗೆ ಕೈ ಹಚ್ಚಿ ಅವ್ವನ ಕಡೆಗೇ ತಿರುಗಿದರು. ಸಿಟ್ಟು ನೆತ್ತಿಗೇರಿತು. ಇಬ್ಬರು ಮಾತುಗಾರರ ನಡುವೆ ಸಿಕ್ಕಿಬಿದ್ದು, ನಲವತ್ತು ದಾಟಿದ ಮೇಲೆ ಮೊದಲ ಸಲ ಆ ಕಥೆಯ ಉಳಿದ ಅರ್ಧ ಕೇಳಿದೆ.

ಅವ್ವ ನನ್ನನ್ನು ಎತ್ತಿಕೊಂಡು ಆಸ್ಪತ್ರೆಗೆಂದು ನಡೆಯುತ್ತಲೇ ಹೊರಟಳಂತೆ. ದಾರಿಯಲ್ಲಿ ದಾಂಡೇಲಿಗೆ ಬಿದಿರು ಒಯ್ಯುವ ಲಾರಿ ಸಿಕ್ಕಿತಂತೆ. ಡ್ರೈವರ್ ರಾತ್ರಿಯೆಲ್ಲ ನಿದ್ದೆಗೆಟ್ಟವನು, ತಿರುವುಗಳಲ್ಲಿ ಕಣ್ಣು ಎಳೆಯುತ್ತಿದ್ದವಂತೆ. ಅವನು ಮಾತಾಡುತ್ತಿದ್ದರೆ ಮಾತ್ರ ಎಚ್ಚರ.

"ಅಂವಾ ಸುಮ್ನಾದ್ರ ಲಾರಿ ಕಣವಿಗೇ ಬೀಳತಿತ್ತು," ಅಂದಳು ಅವ್ವ. "ಕೂಸು ತೊಡೀಮ್ಯಾಲ. ದಾಂಡೇಲಿ ಬರೂತನಾ 'ಮುಂದ? ಮುಂದ?' ಅಂತ ಕೇಳಕೋತ ಕೂತೆ."

ಗಿರಣಿಯವರು ಟವೆಲಿನಿಂದ ಮತ್ತೊಮ್ಮೆ ಮುಖ ಒರೆಸಿಕೊಂಡರು. ಜ್ವರದ ಕಥೆಯೆಂದು ನಾನು ದಿನಾ ತುಂಡರಿಸುತ್ತಿದ್ದುದು ಇದನ್ನು. ಹಿಟ್ಟಿನ ಮಾತು ಮಾತ್ರ ಅವ್ವನೂ ನಾನೂ ಎತ್ತಲಿಲ್ಲ. ಬಂದಿದ್ದೇ ಅದಕ್ಕೆ. ಉಳಿದ ಜೋಳವನ್ನೂ ಬೀಸಿಸಿಕೊಂಡು, ತರಿ ಹಿಟ್ಟನ್ನೇ ಹೊತ್ತು ಮನೆಗೆ ಬಂದೆವು.

ಆ ಸಂಜೆ ಒಲೆ ಹಚ್ಚದೆ ಅವ್ವನ ಎದುರು ಕೂತೆ. ಡ್ರೈವರ್ ಅಷ್ಟು ದೂರ ಹೇಳಿದ ಕಥೆ ಯಾವುದು, ಹೇಳು, ಕೇಳುತ್ತೇನೆ ಎಂದೆ. ಅವ್ವ ನನ್ನನ್ನೊಮ್ಮೆ, ಹಿತ್ತಲ ಬಾಗಿಲನ್ನೊಮ್ಮೆ ನೋಡಿದಳು.

"ಅದನ್ನ ಗಿರಣಿಯವರಿಗೆ ಮುಂದಿನ ವಾರ ಹೇಳ್ತೇನಿ ಅಂದೇನಿ. ನೀನೂ ಅಲ್ಲೇ ಕೇಳು."