ಸಂಸಾರ ಸಮೇತ

ಮಾಸ್ತರ ಬಲಗೈ ಹೆಬ್ಬೆರಳು ಯಾವಾಗಲೂ ಬೆಳ್ಳಗಿರುತ್ತಿತ್ತು. ಚಿಕ್ಕೋಡಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು. ಹಲಗೆಯ ಮೇಲೆ ಹಿಮಾಲಯ ಬರೆದಾದ ಮೇಲೆ ಶಿಖರಗಳ ತುದಿಗೆ ಸೀಮೆಸುಣ್ಣದ ಪುಡಿ ಒತ್ತಿ ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ಅದು ಹಿಮ. ಆ ಬಿಳುಪು ಉಗುರಿನ ಸಂದಿಯಲ್ಲಿ ಕೂತು ಮನೆಯವರೆಗೂ ಹೋಗುತ್ತಿತ್ತು. "ಊಟಕ್ಕ ಕುಂತರೂ ಹಿಮಾಲಯ ತೊಳಕೊಂಡ ಬರಾಂಗಿಲ್ಲ ಇವರು," ಎಂದು ಅವರ ಹೆಂಡತಿ ತಾಟು ಇಡುತ್ತ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ.

ಎಂಬತ್ತರ ದಶಕದ ನಡುವೆ ನಾನು ಅದೇ ಶಾಲೆಗೆ ಹಿಂದಿ ಕಲಿಸಲು ಸೇರಿ, ಅವರ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಮಾಸ್ತರ ಹೆಂಡತಿಯನ್ನು ಓಣಿಯವರಂತೆ ನಾನೂ ಕಾಕು ಎನ್ನುತ್ತಿದ್ದೆ. ಕಾಕು ಹೊಳೆದಂಡೆಯ ಅಂಕಲಿಯವರು. ಮದುವೆಯಾದ ಹೊಸದರಲ್ಲಿ ಗಂಡನಿಗೆ ಒಂದು ಮಾತು ಕೇಳಿದ್ದರಂತೆ: "ದಿನಾ ಹುಡುಗರಿಗೆ ಬರ್ಫದ ಗುಡ್ಡ, ಬರ್ಫದ ಗುಡ್ಡ ಅಂತೀರಲ್ಲ, ನೀವು ನೋಡೀರೇನು?" ಮಾಸ್ತರು ನೋಡಿರಲಿಲ್ಲ. "ಇಬ್ಬರೂ ಕೂಡೇ ನೋಡೂಣು ತಗೋ," ಎಂದುಬಿಟ್ಟಿದ್ದರು. ಆಡಿದ ಮಾತು ಇಪ್ಪತ್ತು ವರ್ಷ ಹಾಗೇ ಉಳಿಯಿತು. ಅಷ್ಟರಲ್ಲಿ ಕಾಕುವಿನ ಮೊಣಕಾಲು ಕೈಕೊಟ್ಟವು. ಇನ್ನು ತಡಮಾಡಿದರೆ ಹೆಂಡತಿಗೆ ಹಿಮ ತೋರಿಸುವುದು ಆಗಲಿಕ್ಕಿಲ್ಲ ಎಂಬ ಅವಸರ ಮಾಸ್ತರಿಗೆ ಹತ್ತಿತು.

ಹೋಗುವ ಊರನ್ನು ಅವರು ಆರಿಸಿದ್ದು ಸೇಬಿನ ಪೆಟ್ಟಿಗೆಯಿಂದ. ನಿಪ್ಪಾಣಿಯ ಹಣ್ಣಿನ ಅಂಗಡಿಯಲ್ಲಿ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಬೆಟ್ಟದ ಸೀಮೆಯ ಊರೊಂದರ ಹೆಸರಿತ್ತು. ಅದನ್ನು ಬರೆದುಕೊಂಡು ಬಂದು, ಆ ಊರಿನ ಪೋಸ್ಟ್ ಮಾಸ್ತರಿಗೇ ಕಾಗದ ಹಾಕಿದರು: ನಿಮ್ಮಲ್ಲಿ ಇಳಿದುಕೊಳ್ಳಲು ಒಳ್ಳೆಯ ಜಾಗ ಯಾವುದು? ಆ ಪುಣ್ಯಾತ್ಮ ಮೂರು ವಿಳಾಸ ಕಳಿಸಿದ. ಮೂರಕ್ಕೂ ಉತ್ತರದ ಕಾರ್ಡೂ ಅಂಟಿಕೊಂಡಿರುವ ಜವಾಬಿ ಕಾರ್ಡು ಹೋದವು. ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಕೋಣೆ ಕೆಳಗೋ, ಮಾಳಿಗೆಯ ಮೇಲೋ? ಖುರ್ಚಿಯಂಥ ಸಂಡಾಸು ಇದೆಯೋ? ಕಡೆಯ ಪ್ರಶ್ನೆಗೆ ಮಾತ್ರ ಅವರು ಗೆರೆ ಎಳೆದಿದ್ದರು: ಮಂಚದ ಮೇಲೆ ಮಲಗಿದಲ್ಲಿಂದಲೇ ಹಿಮ ಕಾಣುತ್ತದೆಯೋ?

ಒಬ್ಬರು ನಲವತ್ತು ಮೆಟ್ಟಿಲು ಎಂದರು. ಇನ್ನೊಬ್ಬರು, ಹಿಮ ಮಾಳಿಗೆಯಿಂದ ಬಹಳ ಚೆನ್ನಾಗಿ ಕಾಣುತ್ತದೆ ಎಂದರು. "ಮಾಳಗಿ ಏರೂವಂಥಾ ಮೊಣಕಾಲ ಇದ್ದಿದ್ರ ನಾ ಇಷ್ಟ ಯಾಕ ಕೇಳ್ತಿದ್ದೆ?" ಎಂದು ಮಾಸ್ತರು ಎರಡೂ ಕಾರ್ಡುಗಳನ್ನು ಬದಿಗಿಟ್ಟರು.

ಮೂರನೆಯ ಉತ್ತರ ಗಿಜಿಗಿಜಿ ಹಿಂದಿ ಅಕ್ಷರದಲ್ಲಿತ್ತು. ಮಾಸ್ತರು ಅದನ್ನು ಸ್ಟಾಫ್ ರೂಮಿಗೆ ತಂದು, "ಬಾಯಾರ, ಇದಿಷ್ಟು ಓದ್ರಿ," ಎಂದರು. ಶಿಕ್ಷಕಿಯರನ್ನು ನಮ್ಮ ಕಡೆ ಬಾಯಾರು ಎನ್ನುವುದು ರೂಢಿ. ನಾನು ಮೊದಲು ಮನಸ್ಸಿನಲ್ಲಿ ಓದಿಕೊಳ್ಳಬೇಕಿತ್ತು. ಬಿಸಿರಕ್ತ, ಎಲ್ಲರಿಗೂ ಕೇಳುವಂತೆ ಓದಿದೆ. ಆ ಮನೆಯ ಮುದುಕ ಬರೆದಿದ್ದ: "ಗುರೂಜೀ, ನಮ್ಮಲ್ಲಿರುವುದು ಎಂಟೇ ಕೋಣೆ. ತಾವು ಇಡೀ ಜಗತ್ತನ್ನೇ ಕಟ್ಟಿಕೊಂಡು ಬರುವುದಾಗಿ ಬರೆದಿದ್ದೀರಿ. ಆದರೂ ಬನ್ನಿ, ಹೇಗೋ ಹೊಂದಿಸೋಣ."

ಮಾಸ್ತರು ನನಗೆ ತೋರಿಸದೆ ತಮ್ಮದೇ ಹಿಂದಿಯಲ್ಲಿ "ಸಂಸಾರ್ ಸಮೇತ್ ಆಯೇಂಗೇ" ಎಂದು ಬರೆದಿದ್ದರು. ನಮಗೆ ಸಂಸಾರವೆಂದರೆ ಹೆಂಡತಿ, ಮನೆ. ಹಿಂದಿಯವರಿಗೆ ಅದು ಜಗತ್ತು. ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮಾಸ್ತರು ನಗು ನಿಲ್ಲುವವರೆಗೆ ಕಾದು ಕೇಳಿದರು: "ಅದಿರ್ಲಿ. ಮಂಚದ್ದ ಏನಂದಾನ?"

ಅದೂ ಕಾರ್ಡಿನ ಕೆಳಗಡೆ ಬರೆದಿತ್ತು. ಮಲಗಿದರೆ ಈಗ ಗೋಡೆ ಕಾಣುತ್ತದೆ, ಆದರೆ ಮಂಚವೇನು ಬೇರು ಬಿಟ್ಟಿದೆಯೇ, ಕಿಟಕಿಯ ಕಡೆ ತಿರುಗಿಸುತ್ತೇನೆ ಎಂದಿದ್ದ. ಮಾಸ್ತರು ಕಾರ್ಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. "ಇದ ಮನಿ. ಮುಗೀತು," ಎಂದರು. ನನಗೆ ಆವಾಗ ನಾಚಿಕೆಯಾಯಿತು. ಮುಂದಿನ ಕಾಗದಗಳನ್ನೆಲ್ಲ ನಾನೇ ಬರೆದುಕೊಟ್ಟೆ.

ಆ ವರ್ಷ ಪರೀಕ್ಷೆಯ ಪೇಪರು ತಪಾಸಣೆ, ಮರುವರ್ಷ ಕಾಕುವಿಗೆ ಜ್ವರ, ಹೋಗುವುದು ತಪ್ಪುತ್ತಲೇ ಇತ್ತು. ಪ್ರತಿ ಸಲವೂ ಮುದುಕ "ಕೋಣೆ ನಿಮ್ಮದೇ" ಎಂದು ಬರೆಯುತ್ತಿದ್ದ. ಕಡೆಗೊಮ್ಮೆ ಎಲ್ಲ ಕೂಡಿಬಂತು. ಭಾಷೆಗೆ ಒಬ್ಬರು ಬೇಕೆಂದು ನನ್ನನ್ನೂ ಹೊರಡಿಸಿದರು. ಮೀರಜದಿಂದ ರೈಲು, ಮೂರು ಟಿಕೇಟು. ಕಾಕು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಯಾಗಿತ್ತು. ಹೊರಡಲು ನಾಲ್ಕು ದಿನವಿದ್ದಾಗ ಮಾಸ್ತರಿಗೆ ಚುನಾವಣೆ ಡ್ಯೂಟಿಯ ಆರ್ಡರು ಬಂತು.

ಕಾಕು ಗಂಟು ಬಿಚ್ಚಲು ಕೂತರು. ಮಾಸ್ತರು ಅವರ ಕೈ ಹಿಡಿದರು. ಹೆಂಡತಿಯ ಕೈ ಹಿಡಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಮುಂದಿನ ವರ್ಷಕ್ಕ ನಿನ್ನ ಕಾಲ ಹೂಂ ಅಂತಾವೇನ? ಬಾಯಾರ್ ಅದಾರ, ಹೋಗಿ ನೋಡಿ ಬಾ. ಬಂದು ನನಗ ಹೇಳಂತಿ."

ಮೂರು ದಿನದ ದಾರಿ ಸವೆಸಿ ಇಳಿದಾಗ ಆ ಮುದುಕ ಬಾಗಿಲಲ್ಲೇ ನಿಂತಿದ್ದ. ಕಾಕುವನ್ನು ನೋಡಿ ಕೈ ಮುಗಿದು, "ಸಂಸಾರ್ ತೋ ಆ ಗಯಾ, ಮಾಸ್ಟರ್‌ಜೀ ಕಹಾಂ ರಹ ಗಯೇ?" ಎಂದ. ಸಂಸಾರವೇನೋ ಬಂತು, ಮಾಸ್ತರು ಎಲ್ಲಿ ಉಳಿದರು? ನಾನು ಅದನ್ನು ಕಾಕುವಿಗೆ ಕನ್ನಡದಲ್ಲಿ ಹೇಳಿದೆ. ಅವರು ನಕ್ಕರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು.

ಮಂಚ ಕಿಟಕಿಯ ಕಡೆ ತಿರುಗಿತ್ತು. ಬೆಳಗ್ಗೆ ನಾನು ಎದ್ದಾಗ ಕಾಕು ಮಲಗಿದಲ್ಲೇ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಎದ್ದದ್ದು ಕಂಡು ಅಂದರು: "ಇಷ್ಟ ಬೆಳ್ಳಗ ಇರ್ತೈತಿ ಅಂತ ಅವರಿಗಿ ಗೊತ್ತಿಲ್ಲ ತಂಗಿ. ಅವರ ಹಲಗಿ ಮ್ಯಾಲ ಹಿಂಗಿರಾಂಗಿಲ್ಲ. ಅವರ ಬರಬೇಕಾಗಿತ್ತ." ಅಲ್ಲಿದ್ದ ಐದು ದಿನವೂ ಆ ಕಿಟಕಿಯ ಮುಂದೆ ನನಗೆ ಮಾಸ್ತರ ಬೆಳ್ಳಗಿನ ಹೆಬ್ಬೆರಳೇ ನೆನಪಾಗುತ್ತಿತ್ತು. ಅವರ ಪಾಲಿನ ಹಿಮವನ್ನು ನಾನು ಉಣ್ಣುತ್ತಿದ್ದೇನೆ ಅನ್ನಿಸಿ ಸಂಕಟವಾಗುತ್ತಿತ್ತು.

ಊರಿಗೆ ಬಂದ ಮೇಲೆ ಮಾಸ್ತರು ಪಾಠದ ಧಾಟಿಯನ್ನೇ ಬದಲಿಸಿದರು. ಮೊದಲೆಲ್ಲ "ಹಿಮ ಹಿಂಗಿರ್ತೈತಿ" ಎನ್ನುತ್ತಿದ್ದವರು ಈಗ ಹೆಬ್ಬೆರಳು ತಿಕ್ಕುತ್ತ, "ಹಿಂಗಿರ್ತೈತಂತ. ನಮ್ಮ ಮನಿಯವರು ನೋಡ್ಯಾರ," ಎನ್ನುತ್ತಿದ್ದರು. ಆ ಮಾತಿನ ಹೆಮ್ಮೆ ಪಕ್ಕದ ಕ್ಲಾಸಿಗೂ ಕೇಳುತ್ತಿತ್ತು. ಕಾಕುವಿಗೆ ಆಮೇಲೆ ಅಂಗಳ ದಾಟುವುದೂ ಕಷ್ಟವಾಯಿತು. ನೀವೊಬ್ಬರಾದರೂ ಹೋಗಿ ಬನ್ನಿ ಸರ್ ಎಂದರೆ, "ಸಂಸಾರ ಬಿಟ್ಟ ಬರಾಂಗಿಲ್ಲ ಅಂತ ಬರೀರಿ ಅವಗ," ಎಂದು ನಗುತ್ತಿದ್ದರು. ಆದರೂ ಪ್ರತಿ ಯುಗಾದಿಗೆ ಆ ಮುದುಕನಿಗೊಂದು ಕಾರ್ಡು ಹೋಗಲೇಬೇಕು. ಕೋಣೆ ಇರಲಿ, ನೋಡೋಣ ಎಂದು.

ನಿವೃತ್ತರಾದ ಮೂರನೆಯ ವರ್ಷ ಮಾಸ್ತರು ತೀರಿಕೊಂಡರು. ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲ. ಆಗ ನಾನು ಮದುವೆಯಾಗಿ ನಿಪ್ಪಾಣಿಯಲ್ಲಿದ್ದೆ. ಸೂತಕದ ದಿನಗಳೆಲ್ಲ ಮುಗಿದ ಮೇಲೆ ಹೋದಾಗ ಕಾಕು ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದು ಕಾರ್ಡು ಕೊಟ್ಟರು. ಮಾಸ್ತರೇ ತಂದಿಟ್ಟದ್ದು, ಮುಂದಿನ ಯುಗಾದಿಗೆ. "ಆ ಮುದುಕಗ ತಿಳಸ ತಂಗಿ. ಪಾಪ, ಖೋಲಿ ಹಿಡಕೊಂಡ ಕುಂತಿರ್ತಾನ."

ನಾನು ಒಂದೇ ಸಾಲು ಬರೆದೆ. ಹಿಂದಿಯಲ್ಲಿ ಸಾವಿನ ಸುದ್ದಿಗೆ ಇರುವ ಸಾದಾ ಮಾತು ಅದು: "ಮಾಸ್ಟರ್‌ಜೀ ಸಂಸಾರ್ ಛೋಡ್ ಗಯೇ."

"ಏನ್ ಬರದಿ, ಓದ," ಎಂದರು ಕಾಕು. ಓದಿದೆ.

"ಸಂಸಾರ ಬಿಟ್ಟ ಹೋದ್ರು ಅಂತ ಬರದಿ," ಎಂದು ಅವರು ತಮ್ಮ ಮೊಣಕಾಲು ಸವರಿಕೊಂಡರು. "ಖರೇನ ಐತಿ. ಬಿಟ್ಟ ಹೋದ್ರು."

ಅಂದು ಸ್ಟಾಫ್ ರೂಮಿನಲ್ಲಿ ನಕ್ಕವಳಿಗೆ ಆ ಸಾಲಿನಲ್ಲಿ ತಿದ್ದಲು ಏನೂ ಇರಲಿಲ್ಲ. ಕಾರ್ಡನ್ನು ಹಾಗೇ ಟಪಾಲು ಡಬ್ಬಿಗೆ ಹಾಕಿ ಬಂದೆ.