ತಂಗಿ ಅನ್ನಕ್ಕಿಟ್ಟ ದಿನ

ನಮ್ಮ ತಳಕಲ್ ಕಡೆ ಊಟ ಅಂದರೆ ಜೋಳದ ರೊಟ್ಟಿ. ಅನ್ನ ಕೊನೆಗೆ ಒಂದು ಹಿಡಿ ಮಾತ್ರ. ಆದರೆ ಜಡ್ಡಾಗಿ ಮಲಗಿದವರಿಗೆ ಮೂರು ಹೊತ್ತೂ ಮೆತ್ತನೆ ಅನ್ನ, ಹಾಲು. ಆ ರೂಢಿಯಿಂದಲೇ ನಾವು ತಂಗಿಯ ವಿಷಯದಲ್ಲಿ ತಪ್ಪಿದೆವು.

ಅವಳನ್ನು ಕೊಟ್ಟಿದ್ದು ಕಾರಟಗಿಗೆ. ಅಲ್ಲಿ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ದಿನ ಪೇರಿಸಿಟ್ಟ ಚೀಲಗಳು ಜಾರಿ ಅವಳ ಮೇಲೆ ಬಿದ್ದವು. ಎಲುಬು ಮುರಿದಿರಲಿಲ್ಲ. ಆದರೆ ತವರಿಗೆ ಕರೆತಂದಾಗ ಅವಳಿಗೆ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ. ಬಾಗಿಲು ಬಡಿದರೂ ಎರಡೂ ಕೈ ತಲೆಯ ಮೇಲೆ ಹೋಗುತ್ತಿದ್ದವು. ಎಂಟು ವರ್ಷದ ಮಗಳು ಕಾರಟಗಿಯಲ್ಲೇ, ಅಜ್ಜಿಯ ಹತ್ತಿರ ಉಳಿದಿದ್ದಳು. ದಿನಾ ಫೋನು: "ಯವ್ವಾ, ಯಾವಾಗ ಬರ್ತಿ?" ತಂಗಿ ಫೋನು ನನ್ನ ಕೈಗಿಡುತ್ತಿದ್ದಳು. ನಾನು ತಳಕಲ್‌ನಲ್ಲೇ ಸೊಸೆ. ತವರು ನಾಲ್ಕು ಹೆಜ್ಜೆ.

"ರೊಟ್ಟಿ ಜಡ ಆಕ್ಕಾವ. ಎರಡು ತುತ್ತು ಅನ್ನ ಉಣ್ಣು, ನನ್ನವ್ವಾ" ಎಂದು ಅವ್ವ ಬೇಡಿಕೊಳ್ಳುತ್ತಿದ್ದಳು. ತಂಗಿ ತಾಟು ಸರಿಸುತ್ತಿದ್ದಳು. ಹಟ ಎಂದುಕೊಂಡೆವು. ಹತ್ತು ದಿನಕ್ಕೆ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಸಣ್ಣಪುಟ್ಟದ್ದನ್ನು ಗಮನಿಸುತ್ತ ಕೂರುವುದು ನನ್ನ ಚಾಳಿ. ತಾಟು ಬರುವ ಮೊದಲೇ, ಒಳಗೆ ಅನ್ನ ಕುದಿ ಬಂದ ಕೂಡಲೇ, ಪಡಸಾಲೆಯಲ್ಲಿ ಕೂತ ತಂಗಿ ಸೆರಗನ್ನು ಮೂಗಿಗೆ ಒತ್ತುತ್ತಿದ್ದಳು. ಮಜ್ಜಿಗೆ ಕೊಟ್ಟರೆ ಗಟಗಟ ಕುಡಿಯುತ್ತಿದ್ದಳು. ಕೇಳಿಯೇಬಿಟ್ಟೆ.

"ಅಕ್ಕಾ, ಆ ವಾಸನಿ ಬಂದ್ರ ಚೀಲ ಮತ್ತ ಎದಿ ಮ್ಯಾಲ ಬಿದ್ದಂಗ ಆಕ್ಕೈತಿ. ಉಸುರು ಹಿಡಿತೈತಿ."

ಪಥ್ಯವೆಂದು ಕೊಟ್ಟದ್ದೇ ಅವಳನ್ನು ಮೂರು ಹೊತ್ತೂ ಆ ಚೀಲಗಳ ಕೆಳಗೆ ತಳ್ಳುತ್ತಿತ್ತು. ಅವತ್ತಿನಿಂದ ಮನೆಯಲ್ಲಿ ಅನ್ನ ಬಂದ್. ಕೊಪ್ಪಳದ ಡಾಕ್ಟರರ ಗುಳಿಗೆ ಬಿಡಲಿಲ್ಲ. ಅವರೂ, "ಮಲಗಿಸಿ ಇಡಬ್ಯಾಡ್ರಿ, ಕೈಕಾಲು ಆಡ್ಲಿ" ಎಂದಿದ್ದರು. ಬೆಳಿಗ್ಗೆ ಭುಜಕ್ಕೆ ಕುಸುಬಿ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದೆ. ಆಮೇಲೆ ರೊಟ್ಟಿ ಬಡಿಯಲು ಒಲೆಯ ಮುಂದೆ ಕೂರಿಸಿದೆ.

ಅವ್ವ ಸಿಟ್ಟಾದಳು. "ಜಡ್ಡಿನ ಹೆಣ್ಮಗಳ ಕೈಲೆ ರೊಟ್ಟಿ ಬಡಿಸ್ತಿಯೇನ? ಮಂದಿ ಏನಂದಾರು?"

"ಮಂದಿಗೂ ಎರಡು ಕೊಟ್ಟು ಕಳಸೂಣು ಬಿಡಬೇ" ಎಂದೆ.

ಜೋಳದ ಹಿಟ್ಟು ನಾದಲು ಭುಜದಿಂದಲೇ ಬಲ ಬರಬೇಕು. ಮೊದಲ ದಿನ ರೊಟ್ಟಿ ಮೂರು ಕಡೆ ಹರಿಯಿತು. ಅವ್ವ ಎತ್ತಿ ನೋಡಿ, "ಇದೇನ ರೊಟ್ಟಿನೋ, ಜಿಲ್ಲಾದ ನಕಾಶೆನೋ?" ಎಂದಳು.

ತಂಗಿ ತಲೆ ಎತ್ತದೆಯೇ, "ಅಕ್ಕ ಲಗ್ನಕ್ಕ ಮೊದಲ ಬಡಿತಿದ್ಲಲ್ಲ, ಎತ್ತಿನ ಗೊರಸಿನಂಥಾವು. ಅದಕಿಂತ ಛಲೋ ಅದಾವ" ಎಂದಳು.

ಬಂದಮೇಲೆ ಅವಳು ತೆಗೆದ ಮೊದಲ ಜಗಳ ಅದು. ಆ ಹರಿದ ರೊಟ್ಟಿಯನ್ನೇ ಪುಂಡಿಪಲ್ಯ ಹಚ್ಚಿಕೊಂಡು ತಿಂದಳು.

ಮುಂದೆ ದಿನಾ ಅವಳೇ ಬಡಿದಳು. ಕೈ ಪಟಪಟ ಒಂದೇ ಲಯಕ್ಕೆ ಬಿದ್ದಾಗ ಉಸಿರೂ ಅದರ ಹಿಂದೆ ಹೋಗುತ್ತಿತ್ತು. ಆ ಸಪ್ಪಳಕ್ಕೆ ಬೆಚ್ಚುತ್ತಿರಲಿಲ್ಲ. ಅದು ಅವಳೇ ಮಾಡುವ ಸಪ್ಪಳ. ನಿದ್ದೆ ಮೊದಲು ಮಧ್ಯಾಹ್ನ ಬಂತು, ಆಮೇಲೆ ರಾತ್ರಿಯೂ.

ಎರಡು ತಿಂಗಳಾದ ಮೇಲೆ ಒಂದು ಮುಂಜಾನೆ, "ಅಕ್ಕಾ, ಒಂದು ಮುಷ್ಟಿ ಅಕ್ಕಿ ಕೊಡು. ನನ್ನ ಮಗಳು ಅನ್ನ ಬಿಟ್ಟು ಬ್ಯಾರೆ ಉಣ್ಣಂಗಿಲ್ಲ" ಎಂದಳು. ಕಿಟಕಿ, ಬಾಗಿಲು ತೆರೆದಿಟ್ಟೆವು. ಕುದಿ ಬಂತು. ಅವಳ ಹಣೆ ಬೆವರಿತು. ಎಡಗೈ ನನ್ನ ಸೆರಗು ಹಿಡಿದಿತ್ತು; ಬಲ ಅಂಗೈ ತೊಡೆಯ ಮೇಲೆ, ರೊಟ್ಟಿ ಬಡಿದಂತೆ, ಮೆಲ್ಲಗೆ ಬಡಿಯುತ್ತಿತ್ತು. ಅನ್ನ ಬೆಂದು ಇಳಿಯುವವರೆಗೆ ಅವಳು ಏಳಲಿಲ್ಲ. ಉಂಡದ್ದು ಅವ್ವ.

ಮರುವಾರ ಬಸ್ಸು ಹತ್ತಿದಳು. ಗಂಗಾವತಿ ದಾಟಿದರೆ ಎರಡೂ ಕಡೆ ಭತ್ತವೇ. ಆದರೂ ನನಗೇನೂ ಅಂಜಿಕೆ ಇರಲಿಲ್ಲ. ಸಂಜೆ ಫೋನು ಬಂತು.

"ಅನ್ನಕ್ಕಿಟ್ಟಿದ್ದೆ. ಮಗಳು ಉಂಡ್ಳು. ನಾ ಎರಡು ರೊಟ್ಟಿ ತಿಂದೆ."

ಹಿಂದಿನಿಂದ ಮಗಳು ಕೂಗಿದಳು: "ದೊಡ್ಡವ್ವಾ, ಅನ್ನ ತಳ ಹತ್ತಿತ್ತು!"